ಹೋಬಳಿಗಿಲ್ಲದ ಅಭಯವಚನ

ಮೊಬೈಲ್ ಸೇವೆ ನಿಂತುಹೋದಲ್ಲಿ ಗ್ರಾಹಕನಿಗೆ ಪರಿಹಾರ ಸಲ್ಲತಕ್ಕದ್ದೆಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದವರು, ಅಂದರೆ ಟ್ರಾಯ್‌ನವರು, 2024ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ನಿಯಮಗಳನ್ನು ಹೊರಡಿಸಿದರು. ಅವು ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ಒಂದು ಜಿಲ್ಲೆಯಲ್ಲಿ ಸೇವೆಯು 4 ಗಂಟೆಗೆ ಮೀರಿ ಸ್ಥಗಿತವಾದರೆ ಕಂಪನಿಯು ಪ್ರಾಧಿಕಾರಕ್ಕೆ ವರದಿ ಮಾಡಬೇಕು. 24 ಗಂಟೆ ಮೀರಿದರೆ ತಿಂಗಳ ಬಿಲ್ಲು ತೆರುವವರಿಗೆ ಬಾಡಿಗೆಯಲ್ಲಿ ಸೋಡಿಯನ್ನೂ, ಮುಂಗಡವಾಗಿ ರೀಚಾರ್ಜ್ ಮಾಡಿಸಿದವರಿಗೆ ಅವಧಿಯ ವಿಸ್ತರಣವನ್ನೂ ಕೊಡಬೇಕು. ನೈಸರ್ಗಿಕ ವಿಪತ್ತಿಗೆ ವಿನಾಯಿತಿ ಉಂಟು. ಬಳಕೆದಾರನಿಗೂ ಒಂದು ಹಕ್ಕುಂಟೆಂದು ಒಪ್ಪಿಕೊಂಡ ಈ ನಿಯಮವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ.

ಆದರೆ 'ಜಿಲ್ಲೆ' ಎಂಬ ಮಾತಿನ ಕಡೆಗೆ ವಾಚಕರ ಲಕ್ಷ್ಯವನ್ನು ಸೆಳೆಯುವುದು ನಮ್ಮ ಕರ್ತವ್ಯವಾಗಿದೆ. ಬಸವಕಲ್ಯಾಣ ತಾಲೂಕಿನ ಮಂಠಾಳದಲ್ಲಿ ಒಂದು ಕಂಪನಿಯ ಟವರು ಮೂರು ದಿವಸ ಮೂಕವಾಯಿತೆನ್ನೋಣ. ಪಡಿತರದ ಅಂಗಡಿಯಲ್ಲಿ ಹೆಬ್ಬೆರಳಿನ ಗುರುತು ಹತ್ತುವುದಿಲ್ಲ. ಪಿಂಚಣಿಯ ಮುದುಕಿಗೆ ಹಣ ಸಿಗುವುದಿಲ್ಲ. ಹೆರಿಗೆಯ ನೋವು ತಿನ್ನುವವಳಿಗಾಗಿ 108ಕ್ಕೆ ಕರೆ ಹೋಗುವುದಿಲ್ಲ. ಆದರೆ ಅದೇ ಹೊತ್ತಿಗೆ ಹುಮನಾಬಾದದಲ್ಲಿಯೂ ಬೀದರದಲ್ಲಿಯೂ ಅದೇ ಕಂಪನಿಯ ಸೇವೆ ನಡೆದೇ ಇರುವುದರಿಂದ ಜಿಲ್ಲೆಯ ಸೇವೆ ನಿಂತಂತಾಗಲಿಲ್ಲ. ಪರಿಹಾರವೂ ಇಲ್ಲ, ಈ ನಿಯಮದಂತೆ ವರದಿಯೂ ಇಲ್ಲ! ಇನ್ನು ಸರಾಸರಿಯ ಲೆಕ್ಕ ಬೇರೆ. 2009ರ ನಿಯಮಗಳಲ್ಲಿ ಟವರುಗಳ ಒಟ್ಟು ಸ್ಥಗಿತಕಾಲವು ನೂರಕ್ಕೆ ಎರಡನ್ನು ಮೀರಕೂಡದೆಂದಿತ್ತು. ಮೂವತ್ತು ದಿನದ ತಿಂಗಳಲ್ಲಿ ಅದು 14 ಗಂಟೆ 24 ನಿಮಿಷಕ್ಕೆ ಬರುತ್ತದೆ. ಅದಾದರೂ ಪ್ರತಿ ಟವರಿಗೆ ಹಾಕಿದ ಮಿತಿಯಲ್ಲ, ಇಡೀ ಸೇವಾವಲಯಕ್ಕೆ ಹಾಕಿದ ಸರಾಸರಿ. ಬೆಂಗಳೂರಿನ ಟವರುಗಳು ಎಡೆಬಿಡದೆ ನಡೆದರೆ ಮಂಠಾಳದ ಮೌನವು ಆ ಅಂಕಿಯಲ್ಲಿ ಕಾಣಿಸುವುದೇ ಇಲ್ಲ.

ಹಳೆಯ ಕಾಲದ ಟೆಲಿಫೋನ್ ಎಕ್ಸ್‌ಚೇಂಜ್ ಕಣ್ಣಿಗೆ ಕಾಣುವ ಯಂತ್ರವಾಗಿತ್ತು. ಸಿ-ಡಾಟ್ ಸಂಸ್ಥೆಯವರು ನಿರ್ಮಿಸಿದ 128 ಮಾರ್ಗಗಳ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ನಿಲ್ಲಿಸಿದ್ದರು. ತಂಪುಗಾಳಿಯ ಯಂತ್ರದ ಹಂಗಿಲ್ಲದೆ, ಹಳ್ಳಿಯ ಧೂಳು ಬಿಸಿಲುಗಳಲ್ಲಿ ನಡೆಯತಕ್ಕ ಯಂತ್ರವದು. ಅದು ಕೆಟ್ಟರೆ ಆ ಊರು ಕೆಡುತ್ತಿತ್ತು, ನೆರೆಯೂರು ಕೆಡುತ್ತಿರಲಿಲ್ಲ. ಈಗಿನ ರೀತಿ ಬೇರೆ. ಕರೆ ಜೋಡಿಸುವುದು, ಗ್ರಾಹಕನ ಗುರುತು ನೋಡುವುದು, ಲೆಕ್ಕ ಬರೆಯುವುದು, ಇವೆಲ್ಲವೂ ಸಾಫ್ಟ್‌ವೇರ್ ರೂಪ ತಾಳಿ, ಎಲ್ಲಿಯೋ ದೂರದ ನಗರದ ಸಾಮಾನ್ಯ ಸರ್ವರುಗಳ ಮೇಲೆ ಕುಳಿತಿವೆ. ಇದನ್ನೇ ವರ್ಚುವಲ್ ಜಾಲವೆನ್ನುತ್ತಾರೆ. 2012ರಲ್ಲಿ ಪ್ರಪಂಚದ ದೊಡ್ಡ ಟೆಲಿಫೋನ್ ಕಂಪನಿಗಳು ಯುರೋಪಿನ ಇಟ್ಸಿ ಎಂಬ ಮಾನಕ ಸಂಸ್ಥೆಯಲ್ಲಿ ಕೂಡಿ ಇದರ ಕ್ರಮವನ್ನು ಗೊತ್ತುಪಡಿಸತೊಡಗಿದವು. ಖರ್ಚು ಕಡಿಮೆ, ವಿಸ್ತರಣ ಸುಲಭ. ಒಂದು ಯಂತ್ರ ಸತ್ತರೆ ಕೆಲಸವನ್ನು ಇನ್ನೊಂದಕ್ಕೆ ಕ್ಷಣದಲ್ಲಿ ಒಪ್ಪಿಸಬಹುದು. ಈ ಗುಣಗಳನ್ನು ನಾವು ಅಲ್ಲಗಳೆಯುವುದಿಲ್ಲ.

ತೊಡಕಿರುವುದು ಭರವಸೆಯ ಲೆಕ್ಕದಲ್ಲಿ. ಟೆಲಿಫೋನ್ ಯಂತ್ರಗಳ ಬಗ್ಗೆ 'ಐದು ಒಂಬತ್ತು' ಎಂಬ ಮಾತುಂಟು. ನೂರಕ್ಕೆ 99.999ರಷ್ಟು ಕಾಲ ಸೇವೆ ನಡೆಯಬೇಕು, ಅಂದರೆ ವರ್ಷಕ್ಕೆ ಐದೂಕಾಲು ನಿಮಿಷಕ್ಕಿಂತ ಹೆಚ್ಚು ನಿಲ್ಲಕೂಡದು. ಈಗ ಯಂತ್ರ ಒಬ್ಬರದು, ಅದನ್ನು ಹಂಚಿಕೊಡುವ ಸಾಫ್ಟ್‌ವೇರ್ ಮತ್ತೊಬ್ಬರದು, ಅದರ ಮೇಲಿನ ಟೆಲಿಫೋನ್ ಕಾರ್ಯ ಮೂರನೆಯವರದು. ಒಬ್ಬೊಬ್ಬರೂ 99.9ರ ಕರಾರು ಬರೆದುಕೊಟ್ಟರೂ ಮೂರನ್ನೂ ಗುಣಿಸಿದರೆ ಉಳಿಯುವುದು 99.7. ಹಾಗಾದರೆ ವರ್ಷಕ್ಕೆ 26 ಗಂಟೆ ಸೇವೆ ಇಲ್ಲ, ಆದರೂ ಮೂವರಲ್ಲಿ ಯಾರೂ ಕರಾರು ಮುರಿದಂತಾಗಲಿಲ್ಲ! ಇದಕ್ಕೆ ಪರಿಹಾರವಾಗಿ ಪ್ರತಿಯೊಂದು ಕಾರ್ಯಕ್ಕೂ ಜೋಡಿ ಇಡುತ್ತಾರೆ. ಆ ಜೋಡಿಯೂ ಅದೇ ಯಂತ್ರದ ಮೇಲೆ ಕುಳಿತಿದ್ದರೆ, ಇಬ್ಬರು ಕಾವಲುಗಾರರಿಗೆ ಸಂಬಳ ಕೊಟ್ಟು ಇಬ್ಬರನ್ನೂ ಒಂದೇ ಗುಡಿಸಲಿನಲ್ಲಿ ಮಲಗಿಸಿದಂತೆ. ಅವರನ್ನು ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಊರುಗಳಲ್ಲಿ ಇರಿಸಿದೆಯೇ ಎಂದು ತಪಾಸಣೆ ಮಾಡಿದ ಹೊರತು ಕಾಗದದ ಕರಾರಿಗೆ ಬೆಲೆಯಿಲ್ಲ.

ಕೇಂದ್ರದಲ್ಲಿ ನಡೆದ ಸಣ್ಣ ತಪ್ಪು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ 2022ರ ಜುಲೈ ತಿಂಗಳೇ ಸಾಕ್ಷಿ. ಜಪಾನಿನ ಕೆಡಿಡಿಐ ಕಂಪನಿಯಲ್ಲಿ ಒಂದು ರೂಟರನ್ನು ಬದಲಿಸುವ ಕೆಲಸದಿಂದ ಮೊದಲಾದ ಗೊಂದಲವು ಮೂರು ಕೋಟಿಗೂ ಹೆಚ್ಚು ಸಂಪರ್ಕಗಳನ್ನು 60 ಗಂಟೆಗೂ ಮೀರಿ ಬಾಧಿಸಿತು. ಕಂಪನಿಯು ಗ್ರಾಹಕರಿಗೆ ತಲೆಗೆ 200 ಯೆನ್‌ನಂತೆ ಮರಳಿಸಿತು. ಅದೇ ವಾರ ಕೆನಡಾದಲ್ಲಿ ರಾಜರ್ಸ್ ಕಂಪನಿಯ ಜಾಲ ಕುಸಿದು ತುರ್ತು ಸಹಾಯದ ಕರೆಗಳೂ ಹೋಗದಂತಾದವು. ಅಲ್ಲಿ ಟವರುಗಳೆಲ್ಲ ಸುಸ್ಥಿತಿಯಲ್ಲಿದ್ದವೆಂಬುದನ್ನು ಮರೆಯಬಾರದು.

ನಮ್ಮ ದೇಶದ ಬಿಎಸ್‌ಎನ್‌ಎಲ್ ಸಂಸ್ಥೆಯ ಸ್ವದೇಶೀ 4ಜಿ ಜಾಲವು 2025ರ ಸೆಪ್ಟೆಂಬರ್ 27ರಂದು ಲೋಕಾರ್ಪಣೆಗೊಂಡಿತು. ಅದರ ಹೃದಯಸ್ಥಾನದ ಸಾಫ್ಟ್‌ವೇರ್ ಸಿ-ಡಾಟ್‌ನದು, ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ಕಂಪನಿಯದು, ಇವನ್ನು ಜೋಡಿಸಿದವರು ಟಿಸಿಎಸ್‌ನವರು. ಕಿತ್ತೂರಿನ ಯಂತ್ರವನ್ನು ಕಟ್ಟಿದ ಸಂಸ್ಥೆಯೇ ಇಂದು ದೇಶದ ಜಾಲಕ್ಕೆ ಆಧಾರವಾಗಿರುವುದು ನಮಗೆ ಅಭಿಮಾನದ ವಿಷಯ. ಸ್ವದೇಶಿಯೆಂಬ ಕಾರಣಕ್ಕೆ ಪರೀಕ್ಷೆಯನ್ನು ಸಡಿಲಿಸಬೇಕೆಂದು ಮಾತ್ರ ಯಾರೂ ನಮ್ಮನ್ನು ಕೇಳಬಾರದು. ನಮ್ಮದೆಂದಮೇಲೆ ಬಿಗಿಯಾಗಿಯೇ ನೋಡಬೇಕು. ಕೇಂದ್ರದ ಸಾಫ್ಟ್‌ವೇರ್ ಎಷ್ಟು ಒಂಬತ್ತುಗಳನ್ನು ಗಳಿಸಿದರೂ, ಊರಿನಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಬರಿದಾದರೆ, ಅಥವಾ ರಸ್ತೆ ಅಗೆಯುವ ಜೆಸಿಬಿ ಕೇಬಲನ್ನು ಕಡಿದರೆ, ಮಂಠಾಳದವನ ಪಾಲಿಗೆ ಆ ಒಂಬತ್ತುಗಳೆಲ್ಲ ಸೊನ್ನೆಯೇ.

ಆದುದರಿಂದ ಸೇವೆಯ ಲಭ್ಯತೆಯನ್ನು ಜಿಲ್ಲೆಯಿಂದಲ್ಲ, ಹೋಬಳಿಯಿಂದ ಅಳೆಯಬೇಕೆಂದು ಪ್ರಾಧಿಕಾರದವರಲ್ಲಿ ನಾವು ಬಿನ್ನವಿಸುತ್ತೇವೆ. ಪ್ರತಿ ಟವರಿನ ಸ್ಥಗಿತಕಾಲವು ಕಂಪನಿಯ ಯಂತ್ರಗಳಲ್ಲಿ ತಾನಾಗಿಯೇ ದಾಖಲಾಗುತ್ತದೆ. ಅದನ್ನು ತಿಂಗಳು ತಿಂಗಳು ಪ್ರಕಟಿಸುವುದಕ್ಕೆ ಹೊಸ ಖರ್ಚೇನೂ ಬೀಳದು. ಅಲ್ಲಿಯ ತನಕ ಬಸವಕಲ್ಯಾಣ ಮತ್ತು ಹುಮನಾಬಾದದ ತಹಶೀಲ್ದಾರರು ತಮ್ಮ ನಾಡಕಚೇರಿಗಳಲ್ಲಿ ಒಂದೊಂದು ವಹಿ ಇಡಿಸಿ, ಯಾವ ಕಂಪನಿಯ ಸೇವೆ ಯಾವ ದಿನ ಎಷ್ಟು ಹೊತ್ತಿಗೆ ನಿಂತಿತು, ಯಾವಾಗ ಮರಳಿತು ಎಂದು ಬರೆಯಿಸಲಿ. ಮೂರು ತಿಂಗಳ ವಹಿ ಕೈಗೆ ಬಂದರೆ ಜಿಲ್ಲಾಧಿಕಾರಿಗಳೂ ಲೋಕಸಭೆಯ ಸದಸ್ಯರೂ ದೆಹಲಿಯಲ್ಲಿ ತೋರಿಸತಕ್ಕ ಪುರಾವೆಯೊಂದು ಇದ್ದಂತಾಗುವುದು.