ಇಲ್ಲವೆಂಬ ಹೆಸರಿನ ನಕ್ಷತ್ರ

ಮಿಥುನರಾಶಿಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆ ದಿಕ್ಕಿನಿಂದ ಗ್ಯಾಮಾ ಕಿರಣಗಳು ಬರುತ್ತಿರುವುದನ್ನು 1972ರಲ್ಲಿ ಹಾರಿಸಲ್ಪಟ್ಟ ಒಂದು ಅಮೆರಿಕದ ಉಪಗ್ರಹವು ಕಂಡಿತು. ದೂರದರ್ಶಕಗಳನ್ನೂ ರೇಡಿಯೋ ಯಂತ್ರಗಳನ್ನೂ ಅತ್ತ ತಿರುಗಿಸಿದವರಿಗೆ ಮಾತ್ರ ಆ ಕಿರಣಗಳ ಒಡೆಯನು ದೊರೆಯಲಿಲ್ಲ. ಇಟಲಿಯ ವಿಜ್ಞಾನಿ ಜಿಯೊವಾನಿ ಬಿನ್ಯಾಮಿಯವರು ಅದಕ್ಕೆ ‘ಗೆಮಿಂಗ’ ಎಂದು ಹೆಸರಿಟ್ಟರು. ಮಿಥುನದ ಪಾಶ್ಚಾತ್ಯ ನಾಮವಾದ ‘ಜೆಮಿನಿ’ಯೂ ‘ಗ್ಯಾಮಾ’ ಎಂಬ ಶಬ್ದವೂ ಅದರಲ್ಲಿ ಕೂಡಿವೆ. ಮಿಲಾನ್ ನಗರದ ಆಡುನುಡಿಯಲ್ಲಿ ಅದಕ್ಕೆ ‘ಅಲ್ಲಿ ಇಲ್ಲ’ ಎಂಬ ಅರ್ಥವೂ ಉಂಟು. ಶ್ಲೇಷಾಲಂಕಾರವು ಸಂಸ್ಕೃತ ಕವಿಗಳ ಸ್ವತ್ತೆಂದು ತಿಳಿದಿದ್ದ ನಮ್ಮಂಥವರಿಗೆ ಇದು ಸಂತೋಷದ ಸಂಗತಿ.

ಆ ಒಡೆಯನು ಪಲ್ಸಾರ್ ಎಂಬ ಜಾತಿಯ ನಕ್ಷತ್ರವೆಂದು ಈಗ ತಿಳಿದಿದೆ. ಪಲ್ಸಾರ್ ಎಂಬುದು ಮಡಿದ ನಕ್ಷತ್ರದ ತಿರುಳು. ಸೂರ್ಯನಿಗಿಂತ ಅಧಿಕವಾದ ದ್ರವ್ಯವು ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ಅಡ್ಡಗಲದ ಗೋಳದಲ್ಲಿ ಅಡಕವಾಗಿ, ಅತಿವೇಗದಿಂದ ತಿರುಗುತ್ತಿರುತ್ತದೆ. ಅದರ ಕಿರಣವು ದೀಪಸ್ತಂಭದ ಬೆಳಕಿನಂತೆ ಸುತ್ತಿ, ನಮ್ಮ ಕಡೆಗೆ ಬಂದಾಗಲೆಲ್ಲ ಒಂದು ಮಿಡಿತವಾಗಿ ತೋರುತ್ತದೆ.

ಆದರೆ ಗ್ಯಾಮಾ ಕಿರಣಗಳು ಬಲು ಜಿಪುಣ. ಆಕಾಶದ ಸ್ಥಿರವಾದ ಗ್ಯಾಮಾ ಜ್ಯೋತಿಗಳಲ್ಲಿ ಅತ್ಯುಜ್ಜ್ವಲವಾದ ವೇಲಾ ಪಲ್ಸಾರ್ ಸೆಕೆಂಡಿಗೆ 11 ಸಲ ತಿರುಗುತ್ತದೆ. ಇಂದಿನ ಉಪಗ್ರಹಕ್ಕೂ ಅದರಿಂದ ಸಿಕ್ಕುವುದು ಸುಮಾರು ಸಾವಿರ ಸುತ್ತಿಗೆ ಒಂದು ಕಣ. ಮೃದಂಗದ ಸಾವಿರ ಪೆಟ್ಟುಗಳಲ್ಲಿ ಒಂದೇ ಒಂದು ಕಿವಿಗೆ ಬಿದ್ದವನನ್ನು ತಾಳ ಯಾವುದೆಂದು ಕೇಳಿದರೆ ಅವನ ಪಾಡೇನು? ತಾಳಗಳನ್ನು ಊಹಿಸಿ ಒಂದೊಂದನ್ನೇ ಹೊಂದಿಸಿ ನೋಡಬೇಕು. ಹಾಗೆ ಲಕ್ಷಾಂತರ ತಾಳಗಳನ್ನು ನೋಡುವಾಗ, ಇಲ್ಲದ ತಾಳವೊಂದು ಆಕಸ್ಮಿಕವಾಗಿ ಹೊಂದಿದಂತೆ ಕಾಣುವುದೂ ಉಂಟು. ಗೆಮಿಂಗಕ್ಕೆ 59 ಸೆಕೆಂಡಿನ ಮಿಡಿತವಿದೆಯೆಂದು 1970ರ ದಶಕದಲ್ಲಿ ಪ್ರಕಟವಾದ ಸಂಗತಿಯು ಮುಂದಿನ ಪರೀಕ್ಷೆಗೆ ನಿಲ್ಲಲಿಲ್ಲ.

ಇಷ್ಟು ಕಷ್ಟವೇಕೆಂದು ವಾಚಕರು ಕೇಳಬಹುದು. ಗಡಿಯಾರವನ್ನು ಹಿಡಿದ ನಾವೇ ನಿಂತಲ್ಲಿ ನಿಂತವರಲ್ಲ. ಸೂರ್ಯನಿಂದ ಭೂಮಿಗೆ ಬರಲು ಬೆಳಕಿಗೆ ಸುಮಾರು 500 ಸೆಕೆಂಡು ಬೇಕು. ಭೂಮಿಯು ಆರು ತಿಂಗಳಲ್ಲಿ ಸೂರ್ಯನ ಈ ಕಡೆಯಿಂದ ಆ ಕಡೆಗೆ ಹೋದಾಗ, ಮಿಥುನದಿಂದ ಬರುವ ಮಿಡಿತಗಳು ಸಾವಿರ ಸೆಕೆಂಡಿನಷ್ಟು ಹಿಂದುಮುಂದಾಗುತ್ತವೆ. ಅದನ್ನು ಕಳೆದರೂ ಸಾಲದು. ಐನ್‌ಸ್ಟೈನರ ಗುರುತ್ವ ಸಿದ್ಧಾಂತದಂತೆ, ಭೂಮಿಯು ಸೂರ್ಯನಿಗೆ ಸಮೀಪವಾಗಿರುವ ಜನವರಿಯಲ್ಲಿ ನಮ್ಮ ಗಡಿಯಾರಗಳು ಕಿಂಚಿತ್ತು ನಿಧಾನವಾಗಿ ನಡೆಯುತ್ತವೆ. ಸೂರ್ಯನ ಪಕ್ಕದಲ್ಲಿ ಹಾಯ್ದು ಬರುವ ಕಿರಣವೂ ತುಸು ತಡವಾಗುತ್ತದೆ. ಇವೆಲ್ಲಕ್ಕೂ ಸಂಸ್ಕಾರ ಮಾಡಿದ ಮೇಲೆಯೇ ನಕ್ಷತ್ರದ ಕಾಲವು ಕೈಗೆ ಬರುವುದು.

ನಕ್ಷತ್ರವಾದರೂ ಒಂದೇ ಲಯದಲ್ಲಿ ತಿರುಗುವುದಿಲ್ಲ. ಗೆಮಿಂಗದ ಒಂದು ಸುತ್ತಿನ ಕಾಲವು ವರ್ಷಕ್ಕೆ ಒಂದು ಸೆಕೆಂಡಿನ ಕೋಟಿ ಭಾಗಗಳಲ್ಲಿ ಮೂರೂವರೆ ಭಾಗದಷ್ಟು ಹೆಚ್ಚುತ್ತದೆ. ಇಷ್ಟು ಅಲ್ಪವನ್ನು ಬಿಟ್ಟರೇನೆಂದು ಕೇಳುವ ಹುಡುಗನು ಪ್ರತಿ ತರಗತಿಯಲ್ಲಿಯೂ ಇರುತ್ತಾನೆ. ಬಿಟ್ಟರೆ, ವರ್ಷಾಂತ್ಯಕ್ಕೆ ಲೆಕ್ಕವು ಸುಮಾರು 97 ಸುತ್ತುಗಳಷ್ಟು ತಪ್ಪುತ್ತದೆ! ಆದುದರಿಂದ ಗಣಿತಜ್ಞರು ಮೊದಲ ಪದವಾಗಿ ವೇಗವನ್ನೂ, ಎರಡನೆಯ ಪದವಾಗಿ ಅದರ ಇಳಿತವನ್ನೂ ಹಿಡಿದು, ಕಾಣಲಾರದಷ್ಟು ಸಣ್ಣದಾದ ಮುಂದಿನ ಪದಗಳನ್ನು ಬಿಡುತ್ತಾರೆ. ಆರ್ಯಭಟನು ಕ್ರಿ.ಶ. 499ರಲ್ಲಿ 20000 ವ್ಯಾಸಕ್ಕೆ ಪರಿಧಿಯು 62832 ಎಂದು ಹೇಳಿ, ಅದನ್ನು ‘ಆಸನ್ನ’ವೆಂದು ಕರೆದನು. ಆಸನ್ನವೆಂದರೆ ಸಮೀಪದ್ದು. ‘ಸುಮಾರು’ ಎಂದು ಕೈಕೊಡಹುವುದಕ್ಕೂ ಆಸನ್ನಕ್ಕೂ ಬಹಳ ಅಂತರ. ಎಷ್ಟು ಬಿಟ್ಟೆನೆಂಬ ಎಚ್ಚರವು ಎರಡನೆಯದರಲ್ಲಿ ಇರುತ್ತದೆ.

ಗೆಮಿಂಗದ ನಿಜವಾದ ಮಿಡಿತವು ಪ್ರಕಟವಾದುದು 1992ರಲ್ಲಿ, ರೋಸಾಟ್ ಎಂಬ ಉಪಗ್ರಹವು ಹಿಡಿದ ಕ್ಷಕಿರಣಗಳಿಂದ. ಅದು 0.237 ಸೆಕೆಂಡು. ಕಾಂಪ್ಟನ್ ಉಪಗ್ರಹದ ಗ್ಯಾಮಾ ಕಣಗಳಲ್ಲಿಯೂ ಅದೇ ತಾಳವು ಕಂಡಿತು. ಅನಂತರ 1970ರ ದಶಕದ ದಾಖಲೆಗಳನ್ನು ಬಿಚ್ಚಿ ಹೊಂದಿಸಿದರು. ಅಲ್ಲಿಯೂ ಅದು ಇತ್ತು. ‘ಅಲ್ಲಿ ಇಲ್ಲ’ವೆಂದು ಹುಡುಕಿ ದಣಿದವರ ಕಡತದಲ್ಲಿಯೇ ಉತ್ತರವು ಅಷ್ಟು ವರ್ಷ ಮಲಗಿತ್ತು.

ಕ್ಷಕಿರಣದ ಸುಳಿವಿಲ್ಲದೆ, ಬರಿಯ ಗ್ಯಾಮಾ ಕಣಗಳಿಂದಲೇ ತಾಳವನ್ನು ಹಿಡಿಯುವ ಉಪಾಯವೊಂದನ್ನು 2006ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಇಡೀ ಅವಧಿಯ ಲೆಕ್ಕವನ್ನು ಒಮ್ಮೆಗೇ ಹಿಡಿಯದೆ, ಕೆಲವು ದಿನಗಳೊಳಗೆ ಬಂದ ಕಣಗಳ ನಡುವಣ ಕಾಲಾಂತರಗಳನ್ನು ಮಾತ್ರ ತೆಗೆದುಕೊಳ್ಳುವುದು ಆ ಉಪಾಯ. ಸೂಕ್ಷ್ಮತೆಯಲ್ಲಿ ಕೊಂಚ ನಷ್ಟ. ಗಣನೆಯ ಶ್ರಮದಲ್ಲಿ ಅಪಾರ ಲಾಭ. ನಮ್ಮ ದೃಷ್ಟಿಯಲ್ಲಿ ಇದೂ ಆರ್ಯಭಟನ ಆಸನ್ನದ ಕುಲಕ್ಕೇ ಸೇರಿದ್ದು. 2008ರ ಜೂನಿನಲ್ಲಿ ಫರ್ಮಿ ಉಪಗ್ರಹವು ಮೇಲೇರಿತು. ಅದೇ ವರ್ಷ, ಸಿಡಿದ ನಕ್ಷತ್ರವೊಂದರ ಅವಶೇಷದೊಳಗೆ, 0.316 ಸೆಕೆಂಡಿಗೊಮ್ಮೆ ಮಿಡಿಯುವ ಪಲ್ಸಾರ್ ಈ ಉಪಾಯದಿಂದ ಸಿಕ್ಕಿತು. 2023ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಗ್ಯಾಮಾ ಪಲ್ಸಾರುಗಳ ಸಂಖ್ಯೆ ಮುನ್ನೂರರ ಸಮೀಪಕ್ಕೆ ಬಂದಿದೆ. ಫರ್ಮಿಯು ಕಂಡ ಸಾವಿರಾರು ಜ್ಯೋತಿಗಳಲ್ಲಿ ಹೆಚ್ಚುಕಡಮೆ ಮೂರರಲ್ಲೊಂದಕ್ಕೆ ಒಡೆಯರು ಇನ್ನೂ ಸಿಕ್ಕಿಲ್ಲ.