ಅರ್ಧಬಲದ ನಡಿಗೆ: ವಿಭೂತಿ ಜಲಪಾತಕ್ಕೆ ಹೊರಡುವ ಮುನ್ನ

ಶ್ರಾವಣ ಮಾಸದ ಪ್ರವಚನ ಮಂಗಲಗೊಂಡ ಮರುವಾರವೇ ನಮ್ಮ ಕಡೆಯ ಊರುಗಳಿಂದ ಬಸ್ಸು, ಟೆಂಪೊಗಳು ಶಿರಸಿಯ ದಾರಿ ಹಿಡಿಯುತ್ತವೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಬನವಾಸಿ, ಸಹಸ್ರಲಿಂಗ, ಯಾಣ, ವಿಭೂತಿ ಜಲಪಾತ, ಗೋಕರ್ಣ, ಹೊತ್ತು ಉಳಿದರೆ ಮುರ್ಡೇಶ್ವರ ಎಂದು ಐದಾರು ಸ್ಥಳಗಳನ್ನು ಒಂದೇ ದಿನದಲ್ಲಿ ಮುಗಿಸಿ, ನಡುರಾತ್ರಿ ಮನೆ ಸೇರುವುದು ಒಂದು ಪದ್ಧತಿಯೇ ಆಗಿಹೋಗಿದೆ. ಮರುದಿನ ಅವರಲ್ಲಿ ಕೆಲವರು ಮೊಣಕಾಲು ಹಿಡಿದುಕೊಂಡು, ಇನ್ನು ಕೆಲವರು ಜ್ವರ, ಭೇದಿ, ಉರಿಮೂತ್ರ ಎಂದು ನನ್ನ ಚಿಕಿತ್ಸಾಲಯದ ಬೆಂಚಿನ ಮೇಲೆ ಕುಳಿತಿರುತ್ತಾರೆ. ಕೇಳಿದರೆ, “ಕಾಡು ತಿರುಗಿ ಬಂದೆವು ಡಾಕ್ಟರೇ, ನಮ್ಮಂಥವರಿಗೆ ಅದು ಆಗಿಬರುವುದಿಲ್ಲ” ಎನ್ನುತ್ತಾರೆ.

ಆಗಿಬರುತ್ತದೆ ಎಂಬುದೇ ನನ್ನ ವಾದ. ಆಗಿಬರದಿರುವುದು ಕಾಡಲ್ಲ, ನಾವು ಅಲ್ಲಿಗೆ ಹೋಗುವ ರೀತಿ. ಒಂದು ದಿನಕ್ಕೆ ಒಂದು ಕಾಡು, ಒಂದು ಜಲಪಾತ, ಅದೂ ಮಳೆ ಪೂರ್ತಿ ಹಿಂದೆಗೆದ ಮೇಲೆ. ಇಷ್ಟನ್ನು ಒಪ್ಪಿಕೊಂಡರೆ ಐವತ್ತು ದಾಟಿದವರೂ, ಹಿಂದೆಂದೂ ಕಾಡು ಕಾಣದವರೂ ಸುಖವಾಗಿ ಹೋಗಿ ಬರಬಹುದು.

ಮೊದಲ ನಡಿಗೆಗೆ ನಾನು ಹೇಳುವ ಸ್ಥಳ ಉತ್ತರ ಕನ್ನಡದ ವಿಭೂತಿ ಜಲಪಾತ. ಶಿರಸಿಯ ಕಡೆಯಿಂದ ಘಟ್ಟ ಇಳಿದು, ಯಾಣದ ನೆರೆಯಲ್ಲಿ, ಅಂಕೋಲಾ ತಾಲ್ಲೂಕಿನ ಎಲ್ಲೆಯೊಳಗೆ ಅದಿದೆ. ವಾಹನ ನಿಲ್ಲುವ ಪ್ರವೇಶದ್ವಾರದಿಂದ ನೀರಿನವರೆಗೆ ಸುಮಾರು ಒಂದು ಕಿಲೋಮೀಟರ್ ಕಾಡಿನ ಕಾಲುದಾರಿ. ಹಾದಿ ತಪ್ಪುವ ಭಯವಿಲ್ಲ. ಮರದ ನೆರಳು ಬಿಡುವುದಿಲ್ಲ. ಜೋಗದ 253 ಮೀಟರಿನ ಆರ್ಭಟದ ಮುಂದೆ ಇದೊಂದು ಹಸುಗೂಸು. ಆದರೆ ಜೋಗವನ್ನು ನಾವು ಬಹುಪಾಲು ಎದುರಿನ ಕಟ್ಟೆಯಿಂದ ನೋಡಿ ಬರುತ್ತೇವೆ. ಇದನ್ನು ನಡೆದು ಮುಟ್ಟುತ್ತೇವೆ. ಈ ಹೆಸರು ಹೇಗೆ ಬಂತೆಂದು ನಮ್ಮ ಭಕ್ತಾದಿಗಳು ಸಹಜವಾಗಿ ಕೇಳುತ್ತಾರೆ. ಆ ಪ್ರದೇಶದ್ದು ಸುಣ್ಣಕಲ್ಲಿನ ನೆಲ. ಬಿಳಿಯ ಹುಡಿಯಿಂದ ಈ ಹೆಸರು ಬಂತೆಂದು ಹೇಳುವವರಿದ್ದಾರೆ. ಯಾಣದಲ್ಲಿ ಭಸ್ಮಾಸುರ ಸುಟ್ಟು ಬೂದಿಯಾದ ಕಥೆಗೆ ಇದನ್ನು ಜೋಡಿಸುವವರೂ ಇದ್ದಾರೆ. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರದ ಕಪ್ಪು ಸುಣ್ಣಕಲ್ಲಿನ ಬಂಡೆಗಳು. “ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ” ಎಂಬ ಗಾದೆ ರಸ್ತೆಯಿಲ್ಲದ ಕಾಲದ್ದು. ‘ನಮ್ಮೂರ ಮಂದಾರ ಹೂವೇ’ ಚಲನಚಿತ್ರ ಬಂದ ಮೇಲೆ ಯಾಣ ಮನೆಮಾತಾಯಿತು, ರಸ್ತೆಯೂ ಆಯಿತು. ಈಗ ಸೊಕ್ಕಿನ ಅಗತ್ಯ ಅಷ್ಟಿಲ್ಲ. ದೇಹಬಲ ಮಿಕ್ಕವರು ಬೆಳಿಗ್ಗೆ ಯಾಣ ನೋಡಿಕೊಂಡು ವಿಭೂತಿಗೆ ಹೋಗಬಹುದು. ಬಂಡೆಯಲ್ಲಿ ಹೆಜ್ಜೇನಿನ ಹಟ್ಟಿಗಳಿರುತ್ತವೆ, ಕೂಗಾಟ, ಹೊಗೆ ಕೂಡದು. ಮೊದಲ ಸಲ ನಡೆಯುವವರು ವಿಭೂತಿಯೊಂದಕ್ಕೇ ತೃಪ್ತಿಪಡಲಿ.

ಇನ್ನು ಕಾಲದ ವಿಚಾರ. ಶ್ರಾವಣ, ಭಾದ್ರಪದಗಳು ವರ್ಷಾ ಋತು. ಆಗ ಜಠರಾಗ್ನಿ ಮಂದವಾಗಿರುತ್ತದೆ, ವಾತ ಕೆರಳಿರುತ್ತದೆ. ವಾಗ್ಭಟಾಚಾರ್ಯರು ಅಷ್ಟಾಂಗ ಹೃದಯದಲ್ಲಿ ಈ ಋತುವಿಗೆ ಬಿಡಬೇಕಾದವುಗಳನ್ನು ಹೇಳುವಾಗ ನದಿಯ ನೀರನ್ನೂ ದೇಹಾಯಾಸವನ್ನೂ ಒಟ್ಟಿಗೇ ಹೆಸರಿಸುತ್ತಾರೆ. ನಮ್ಮ ಶ್ರಾವಣೋತ್ತರ ಪ್ರವಾಸದಲ್ಲಿ ಆ ಎರಡರ ಹೊರತು ಬೇರೇನಿದೆ? ವ್ಯಾಯಾಮಕ್ಕೆ ಅವರು ಒಪ್ಪುವ ಕಾಲ ಚಳಿಗಾಲ ಮತ್ತು ವಸಂತ. ಉಳಿದ ಕಾಲದಲ್ಲಿ ಸ್ವಲ್ಪವೇ ಸಾಕೆನ್ನುತ್ತಾರೆ. ಜಲಪಾತ ತುಂಬಿ ಧುಮ್ಮಿಕ್ಕುವುದನ್ನು ನೋಡಬೇಕೆಂಬ ಆಸೆ ನನಗೂ ಅರ್ಥವಾಗುತ್ತದೆ. ಆದರೆ ತುಂಬಿದ ಜಲಪಾತದ ಬುಡದಲ್ಲಿ ಪಾಚಿಗಟ್ಟಿದ ಬಂಡೆಯ ಮೇಲೆ ಕಾಲಿಡುವುದು ಬೇರೆ, ದೂರದಿಂದ ಕಣ್ತುಂಬಿಕೊಳ್ಳುವುದು ಬೇರೆ. ನಾವಿರುವಲ್ಲಿ ಬಿಸಿಲಿದ್ದರೂ ಮೇಲಿನ ಘಟ್ಟದಲ್ಲಿ ಮಳೆಯಾದರೆ ನೀರು ಕ್ಷಣಮಾತ್ರದಲ್ಲಿ ಏರುತ್ತದೆ. ತಿಳಿನೀರು ಕೆಂಪಾದರೆ, ತರಗೆಲೆ, ಕಡ್ಡಿ ತೇಲಿ ಬರತೊಡಗಿದರೆ ಒಂದು ಮಾತೂ ಆಡದೆ ದಡಕ್ಕೆ ಬರಬೇಕು. ಕಾರ್ತಿಕದ ಉತ್ತರಾರ್ಧ ಮತ್ತು ಮಾರ್ಗಶಿರ, ನನ್ನ ಮಟ್ಟಿಗೆ ಇದೇ ಯೋಗ್ಯ ಕಾಲ. ನೀರು ಇರುತ್ತದೆ, ಸಿಟ್ಟು ಇರುವುದಿಲ್ಲ.

ಎಷ್ಟು ನಡೆಯಬೇಕು ಎಂಬುದಕ್ಕೆ ಈಗಿನವರು ಕೈಗಡಿಯಾರದಲ್ಲಿ ಹೆಜ್ಜೆ ಎಣಿಸುತ್ತಾರೆ. ನಮ್ಮ ಶಾಸ್ತ್ರ ಹೇಳುವುದು ಅರ್ಧಶಕ್ತಿ. ಬಲವಂತನೂ, ಜಿಡ್ಡಿನ ಆಹಾರ ಉಣ್ಣುವವನೂ ಸಹ ತನ್ನ ಬಲದ ಅರ್ಧದಷ್ಟನ್ನೇ ವ್ಯಾಯಾಮದಲ್ಲಿ ವೆಚ್ಚಮಾಡಬೇಕು. ಆ ಅರ್ಧ ಮುಗಿಯಿತೆಂಬ ಗುರುತನ್ನು ಸುಶ್ರುತರು ಹೇಳಿದ್ದಾರೆ: ಎದೆಯಲ್ಲಿದ್ದ ಉಸಿರು ಬಾಯಿಗೆ ಬರುವುದು. ಅಂದರೆ ಮೂಗು ಸಾಲದೆ ಬಾಯಿ ತೆರೆಯಬೇಕಾಯಿತೋ, ಅಲ್ಲಿಗೆ ನಿಲ್ಲು. ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕೆಯ ಅಳತೆ ನನಗೆ ತಿಳಿದಿಲ್ಲ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಹಲವು ಜಲಪಾತಗಳ ಹಾದಿ ಹೋಗುವಾಗ ಇಳಿಜಾರು, ಬರುವಾಗ ಏರು. ಇಳಿಯುವಾಗ ಉಸಿರು ದೂರುವುದಿಲ್ಲ, ಮೊಣಕಾಲು ದೂರುತ್ತದೆ, ಏರುವಾಗ ಉಸಿರು. ಆದ್ದರಿಂದ ನೀರಿನ ಬಳಿ ತಲುಪಿದಾಗ ‘ದಣಿವೇ ಇಲ್ಲ’ ಎಂದುಕೊಂಡು ಮತ್ತಷ್ಟು ದೂರ ಹೋಗುವವನು ಹಿಂದಿರುಗುವ ಬಲವನ್ನು ಲೆಕ್ಕಕ್ಕೆ ಹಿಡಿದಿಲ್ಲವೆಂದೇ ಅರ್ಥ.

ಏದುಸಿರನ್ನು ನಾಚಿಕೆಯಿಂದ ಅದುಮಿಡುವವರನ್ನೂ ನಾನು ನೋಡಿದ್ದೇನೆ; ಮುಂದೆ ಹೋಗುವ ಮಕ್ಕಳು ‘ಅಜ್ಜ ಸೋತ’ ಎಂದಾರು ಎಂಬ ಸಂಕೋಚ. ವೇಗಗಳನ್ನು ತಡೆಯಬಾರದೆಂದು ಹೇಳುವ 13ರ ಪಟ್ಟಿಯಲ್ಲಿ ಶ್ರಮದಿಂದ ಬಂದ ಉಸಿರೂ ಒಂದು. ಅದನ್ನು ತಡೆದರೆ ಹೃದಯದ ತೊಂದರೆ, ಮೈಮರವು ಬರುವುದೆಂದೂ, ಅದಕ್ಕೆ ವಿಶ್ರಾಂತಿಯೇ ಹಿತವೆಂದೂ ವಾಗ್ಭಟರು ಬರೆದಿದ್ದಾರೆ. ಗುಂಪಿನಲ್ಲಿ ಅತಿ ನಿಧಾನಿ ಯಾರೋ ಅವರೇ ಮುಂದೆ ನಡೆಯಲಿ, ಉಳಿದವರು ಹಿಂದೆ. ಎದೆ ಹಿಂಡಿದಂತಾಗಿ ಎಡತೋಳಿಗೋ ದವಡೆಗೋ ನೋವು ಹರಿದರೆ ಅದು ಆಯಾಸವಲ್ಲ. ಗಾಳಿ ಹಿಡಿದಿದೆಯೆಂದು ಓಮದ ನೀರು ಕುಡಿಸುತ್ತ ಕೂರದೆ ಆಸ್ಪತ್ರೆಯ ದಾರಿ ಹಿಡಿಯಬೇಕು.

ಅದೇ ಪಟ್ಟಿಯಲ್ಲಿ ಮೂತ್ರವೇಗವೂ ಇದೆ. ಈ ಮಾತನ್ನು ತಾಯಂದಿರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ದಾರಿಯಲ್ಲಿ ಶೌಚಾಲಯ ಸಿಗದೆಂಬ ಭಯದಿಂದ ಬೆಳಗಿನಿಂದ ನೀರನ್ನೇ ಕುಡಿಯದೆ ಬರುವ ಹೆಣ್ಣುಮಕ್ಕಳು ಪ್ರತಿ ಬಸ್ಸಿನಲ್ಲೂ ಇರುತ್ತಾರೆ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯನ್ನು ಅಂದು ನುಂಗದೇ ಬಿಡುವ ಗೃಹಸ್ಥರೂ ಕಡಿಮೆಯಿಲ್ಲ. ಪ್ರವಾಸ ಏರ್ಪಡಿಸುವ ಹಿರಿಯರು ಊಟದ ವ್ಯವಸ್ಥೆಗೆ ತೋರುವ ಮುತುವರ್ಜಿಯಲ್ಲಿ ಕಾಲುಭಾಗವನ್ನು ಇದಕ್ಕೆ ತೋರಿದರೆ ಸಾಕು: ಎರಡು ತಾಸಿಗೊಮ್ಮೆ ಶೌಚಾಲಯವಿರುವ ಕಡೆ ಬಸ್ಸು ನಿಲ್ಲಿಸುವುದು, ಕಾಡಿಗೆ ಇಳಿಯುವ ಮುನ್ನ ಶಿರಸಿಯಲ್ಲಿ ಎಲ್ಲರಿಗೂ ಅವಕಾಶ ಕೊಡುವುದು. ಮಾತ್ರೆಯ ಹೊತ್ತನ್ನು ಬದಲಿಸಬೇಕಿದ್ದರೆ ಕೊಟ್ಟ ವೈದ್ಯರನ್ನು ಹಿಂದಿನ ವಾರವೇ ಕೇಳಿಕೊಳ್ಳಿ.

ಜಲಪಾತದ ನೀರು ನೂರಾರು ಗಿಡಮೂಲಿಕೆಗಳ ಬೇರುಗಳನ್ನು ತೊಳೆದು ಬರುವುದರಿಂದ ಅದು ಔಷಧಿ, ಕುಡಿದರೆ, ತಲೆಗೆ ಬಿದ್ದರೆ ರೋಗ ಹೋಗುತ್ತದೆ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಆಯುರ್ವೇದದ ಹೆಸರಿನಲ್ಲೇ ಇದನ್ನು ಹೇಳುತ್ತಾರಾದ್ದರಿಂದ ಆಯುರ್ವೇದದವನಾಗಿ ನಾನೇ ಅಲ್ಲಗಳೆಯಬೇಕು. ಕೆಸರು, ಪಾಚಿ, ಹುಲ್ಲು, ಎಲೆ ಕೂಡಿದ ನೀರನ್ನು ಕುಡಿಯಬಾರದೆಂದು ಶಾಸ್ತ್ರ ಸ್ಪಷ್ಟವಾಗಿ ನಿಷೇಧಿಸುತ್ತದೆ. ಮನೆಯಲ್ಲಿ ಕುದಿಸಿ ಆರಿಸಿದ ನೀರನ್ನೇ ಒಯ್ಯಿರಿ. ತಲೆಗೆ ಬೀಳುವ ನೀರಿನೊಡನೆ ಕಲ್ಲು, ಕೊಂಬೆಗಳೂ ಬೀಳಬಲ್ಲವು. ನೇರ ಧಾರೆಯ ಕೆಳಗೆ ನಿಲ್ಲುವುದು ಧೈರ್ಯವಲ್ಲ. ಊಟ ಮಾಡಿದ ಕೂಡಲೆ, ಅಜೀರ್ಣ, ನೆಗಡಿ, ಕಿವಿನೋವು, ಭೇದಿ ಇರುವಾಗ ಸ್ನಾನ ನಿಷಿದ್ಧ. ನಡೆದು ಬೆವರಿದ ಮೈ ಆರಿದ ಮೇಲೆ, ಅಂಚಿನಲ್ಲಿ, ಮೊಣಕಾಲು ಮಟ್ಟದ ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಸಿಗುವ ಸುಖವೇ ಸಾಕಷ್ಟಾಯಿತು. ತೋಳಿನಿಂದ ಈಜಿ ನದಿ ದಾಟಬೇಡ, ಸಂಶಯವಿರುವ ಮರವನ್ನೂ ದೋಣಿಯನ್ನೂ ಏರಬೇಡ ಎಂಬ ಎಚ್ಚರಿಕೆ ಅಷ್ಟಾಂಗ ಹೃದಯದ ದಿನಚರಿಯ ಅಧ್ಯಾಯದಲ್ಲೇ ಇದೆ. ವಾಗ್ಭಟರು ಮೊಬೈಲ್ ಹಿಡಿದು ಬಂಡೆಯ ತುದಿಯಲ್ಲಿ ಹಿಮ್ಮುಖವಾಗಿ ನಡೆಯುವವರನ್ನು ಕಂಡಿರಲಿಲ್ಲ, ಕಂಡಿದ್ದರೆ ಅದನ್ನೂ ಸೇರಿಸುತ್ತಿದ್ದರು. ಕೊರಳಲ್ಲಿ ಕರಡಿಗೆ ಧರಿಸಿರುವವರು ನೀರಿಗಿಳಿಯುವ ಮುನ್ನ ಅದರ ದಾರ ಗಟ್ಟಿಯಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಪಾದರಕ್ಷೆಯಿಲ್ಲದೆ ನಡೆಯಬಾರದು, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯಬೇಕೆಂಬುದೂ ಅಲ್ಲಿನ ಮಾತೇ. ಕಾಡಿನಲ್ಲಿ ಹಾವಿನ ಮೇಲೆ ಕಾಲಿಡದಿರಲು ಇಷ್ಟೇ ಬೇಕು. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಬೇರು ತೇಯುವುದು ಯಾವುದೂ ಬೇಡ. ವಿಷಹಾರಿ ಚುಚ್ಚುಮದ್ದಿರುವ ಆಸ್ಪತ್ರೆಗೆ ಅಲುಗಾಡಿಸದೆ ಒಯ್ಯಬೇಕು.

ಬುತ್ತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಳಿಗ್ಗೆ ಹಗುರ ಉಪಾಹಾರ, ನಡಿಗೆ ಮುಗಿಸಿ ಬಂದ ಮೇಲೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡವರು ಮಾತ್ರ ಹಸಿದು ನಡೆಯಕೂಡದು. ಕಿಸೆಯಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ. ಕೈ ನಡುಗಿ ತಣ್ಣನೆ ಬೆವರಿದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಿ. ಎಲೆ, ಕಾಗದ, ಬಾಟಲಿಗಳನ್ನು ಮರಳಿ ಬಸ್ಸಿಗೇ ತರಬೇಕೆಂದು ಮಠದ ಭಕ್ತರಿಗೆ ನಾನು ಹೇಳಬೇಕೇ? ಹೇಳಬೇಕಾಗಿದೆ, ಅದೇ ಬೇಸರ. ಹಾಗೆಯೇ ಚೀಲ ತುಂಬ ಬೇರು, ತೊಗಟೆ ಕಿತ್ತು ತಂದು “ಇದು ಸಕ್ಕರೆ ಕಾಯಿಲೆಗೆ ಬರುತ್ತದೆಯೇ” ಎಂದು ತೋರಿಸುವವರಿಗೆ ನನ್ನ ಉತ್ತರ ಪ್ರತಿವರ್ಷವೂ ಒಂದೇ: ಗುರುತು ತಿಳಿಯದ ಬೇರು ವಿಷವಾಗಬಹುದು, ಅದು ಕಾಡಿನದು, ಅಲ್ಲೇ ಇರಲಿ.

ಮಳೆಯ ತೇವ ಉಳಿದಿದ್ದರೆ ಇಂಬಳ ಹತ್ತುತ್ತವೆ. ಅದಕ್ಕೆ ಕಿರುಚುವ ಅಗತ್ಯವಿಲ್ಲ. ಸುಶ್ರುತರು ಜಿಗಣೆಗಳಲ್ಲಿ 12 ಬಗೆಯನ್ನು ಎಣಿಸಿ, ಆರು ಸವಿಷ, ಆರು ನಿರ್ವಿಷ ಎಂದು ವಿಂಗಡಿಸಿ, ನಿರ್ವಿಷವಾದವನ್ನು ಚಿಕಿತ್ಸೆಗೇ ಬಳಸಿದವರು. ಎಳೆದು ಕೀಳದೆ ಉಪ್ಪು ಮುಟ್ಟಿಸಿದರೆ ಬಿಡುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಕೆಲಹೊತ್ತು ರಕ್ತ ಒಸರುತ್ತದೆ. ತೊಳೆದು ಒತ್ತಿ ಹಿಡಿಯಿರಿ. ಹೃದ್ರೋಗಕ್ಕಾಗಿ ರಕ್ತ ತೆಳುಮಾಡುವ ಮಾತ್ರೆ ನುಂಗುವವರಲ್ಲಿ ಇದು ಬೇಗ ನಿಲ್ಲದು, ಅವರು ಉದ್ದ ಕಾಲುಚೀಲ ಧರಿಸಿಯೇ ಬರಬೇಕು.

ಇಂಬಳಕ್ಕಿಂತ ನಾನು ಹೆದರುವುದು ಕಣ್ಣಿಗೆ ಬೀಳದ ಉಣ್ಣೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಇದೇ. ಉತ್ತರ ಕನ್ನಡದ ಸಿದ್ದಾಪುರದ ಕಡೆಯೂ ಆ ಕಾಯಿಲೆ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಅಂದರೆ ನಾನು ಯೋಗ್ಯವೆಂದ ಚಳಿಗಾಲದ ಬೆನ್ನಿಗೇ ಅದೂ ಬರುತ್ತದೆ. ನಡಿಗೆಯನ್ನು ಮಾರ್ಗಶಿರದ ಆಚೆಗೆ ಮುಂದೂಡಬೇಡಿ ಎನ್ನುವುದು ಈ ಕಾರಣಕ್ಕೇ. ಹೊರಡುವ ಮುನ್ನ ಆ ಭಾಗದ ಆರೋಗ್ಯ ಇಲಾಖೆಯವರು ಏನು ಹೇಳಿದ್ದಾರೆಂದು ವಿಚಾರಿಸಿ. ಮಂಗಗಳು ಸತ್ತ ಸುದ್ದಿಯಿದ್ದರೆ ಆ ವರ್ಷ ಹೋಗಬೇಡಿ. ಮೈತುಂಬ ಬಟ್ಟೆ ಇರಲಿ, ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಮನೆಗೆ ಬಂದೊಡನೆ ಉಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ, ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಆಮೇಲೆ ಬೇಕಿದ್ದರೆ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಮೊಣಕಾಲಿಗೆ, ಮೀನಖಂಡಕ್ಕೆ ಸವರಿಕೊಂಡು ಮಲಗಿ. ಮುಂದಿನ ಹತ್ತು ದಿನಗಳಲ್ಲಿ ತಲೆನೋವು, ಮೈಕೈ ನೋವಿನೊಡನೆ ಜೋರು ಜ್ವರ ಬಂದರೆ ಅಮೃತಬಳ್ಳಿಯ ಕಷಾಯ ಕೇಳಿಕೊಂಡು ನನ್ನಲ್ಲಿಗೆ ಬರಬೇಡಿ. ನೇರವಾಗಿ ಸರಕಾರಿ ಆಸ್ಪತ್ರೆಗೆ ಹೋಗಿ, ಇಂಥ ದಿನ ಇಂಥ ಕಾಡಿಗೆ ಹೋಗಿದ್ದೆನೆಂದು ಮೊದಲ ಮಾತಿನಲ್ಲೇ ಹೇಳಿ.