ದಿನಸಿ ಚೀಟಿಯೂ ಮಿತಾಹಾರವೂ

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಮ್ಮ ಹಿರಿಯರ ಮಾತು. ಇಂದು ಅದಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕಾಗಿದೆ: ಊಟ ಬಲ್ಲವನಾಗಬೇಕಾದರೆ ಮೊದಲು ಕೊಳ್ಳುವುದನ್ನು ಬಲ್ಲವನಾಗಬೇಕು. ತಟ್ಟೆಯ ಮುಂದೆ ಕುಳಿತಾಗ ನಾವು ಮಾಡುವ ತೀರ್ಮಾನ ಅಲ್ಪ. ಏನನ್ನು ತಿನ್ನುತ್ತೇವೆ ಎಂಬುದರ ಬಹುಪಾಲು ಅಂಗಡಿಯಲ್ಲಿ ಚೀಲ ತುಂಬಿಸುವಾಗಲೇ ತೀರ್ಮಾನವಾಗಿರುತ್ತದೆ.

ಇದು ಸಣ್ಣ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ, ಹೆಂಗಸರೇ ಆಗಲಿ ಗಂಡಸರೇ ಆಗಲಿ, ನೂರಕ್ಕೆ ಸುಮಾರು 30 ಮಂದಿಯ ತೂಕ ಎತ್ತರಕ್ಕೆ ತಕ್ಕುದಕ್ಕಿಂತ ಹೆಚ್ಚಾಗಿದೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 23ರ ಆಸುಪಾಸಿನಲ್ಲಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಹೆಚ್ಚಾಗಿ ಈ ದಾರಿಯಲ್ಲಿಯೇ ಮನೆಯನ್ನು ಹೊಗುತ್ತವೆ.

ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸ್ಥಾಪನೆಗೊಂಡ ಮೇಲೆ ಈ ಭಾಗದಲ್ಲಿ ನೆಲೆಸಿದ ಕಾರ್ಮಿಕ ಕುಟುಂಬಗಳು ಅನೇಕ. ಸಂಬಳದ ದಿನ ಮನೆಯೊಡತಿ ಚೀಟಿ ಬರೆಯುವಳು. ಅಂಗಡಿಯವರು ಅದನ್ನು ನೋಡಿ ತೂಗಿ ಕಟ್ಟುವರು. ಚೀಟಿಯಲ್ಲಿಲ್ಲದ ಪದಾರ್ಥ ಮನೆಗೆ ಬರುತ್ತಿದ್ದುದು ಅಪರೂಪ. ಇಂದು ಅಬ್ಬಿಗೆರೆಯ ಗೃಹಸ್ಥನು ತಳ್ಳುಗಾಡಿ ಹಿಡಿದು ತಾನೇ ಕಪಾಟುಗಳ ನಡುವೆ ಸಾಗುತ್ತಾನೆ. ಕಣ್ಣು ಕಂಡದ್ದನ್ನು ಕೈ ಎತ್ತಿಕೊಳ್ಳುತ್ತದೆ. ಒಂದು ಕೊಂಡರೆ ಒಂದು ಉಚಿತ ಎಂಬ ಫಲಕ ಅಕ್ಕಿ ಬೇಳೆಗಳ ಮೇಲೆ ಇರುವುದಕ್ಕಿಂತ ಬಿಸ್ಕತ್ತು, ಚಿಪ್ಸುಗಳ ಮೇಲೆ ಇರುವುದೇ ಹೆಚ್ಚು. ಹಣ ಕಟ್ಟುವ ಸ್ಥಳದಲ್ಲಿ ಮಕ್ಕಳ ಕಣ್ಣೆತ್ತರಕ್ಕೇ ಚಾಕೊಲೇಟು ಜೋಡಿಸಿರುತ್ತಾರೆ. ಫೋನನ್ನು ಒತ್ತಿದರಂತೂ ನಿಮಿಷಗಳಲ್ಲಿ ಎಲ್ಲವೂ ಬಾಗಿಲಿಗೇ ಬರುತ್ತದೆ. ಚೀಟಿ ಹೋಯಿತು, ಅದರೊಡನೆ ಯೋಚಿಸುವ ಒಂದು ಗಳಿಗೆಯೂ ಹೋಯಿತು.

ನಮ್ಮ ಕುಟುಂಬಗಳಿಗೆ ಭಾನುವಾರದ ಒಂದು ವಿಶೇಷ ಅಪಾಯವುಂಟು. ಪರಮಪ್ರಸಾದಕ್ಕೆ ಮುನ್ನ ಒಂದು ಗಂಟೆಯ ಉಪವಾಸವನ್ನು ಧರ್ಮಸಭೆ ವಿಧಿಸುತ್ತದೆ. ಎದ್ದಾಗಿನಿಂದ ಏನನ್ನೂ ತಿನ್ನದೆ ಬರುವವರೂ ಬಹಳ. ಬಲಿಪೂಜೆ ಮುಗಿದೊಡನೆ ಮಕ್ಕಳೊಂದಿಗೆ ನೇರವಾಗಿ ಅಂಗಡಿಗೆ ಹೋದರೆ ಆಗ ಕೊಳ್ಳುವುದು ವಿವೇಕವಲ್ಲ, ಹಸಿವು. ಮೊದಲು ಮನೆಗೆ ಹೋಗಿ ತಿಂಡಿ ಮುಗಿಸಿ, ಬಳಿಕ ಅಂಗಡಿಗೆ ಹೋಗುವುದು ಲೇಸು.

ತೂಕ ಹೆಚ್ಚಿದವರೆಲ್ಲ ಹೊಟ್ಟೆಬಾಕರೆಂದು ನಾವು ಹೇಳುತ್ತಿಲ್ಲ. ವಂಶಗುಣ, ಥೈರಾಯ್ಡ್ ತೊಂದರೆ, ಕೆಲವು ಔಷಧಿಗಳು, ಕುಳಿತೇ ಮಾಡುವ ಕೆಲಸ ಇವೂ ಕಾರಣಗಳೇ. ಜಗದ್ಗುರು ಸಂತ ಗ್ರೆಗೊರಿಯವರು ಆರನೆಯ ಶತಮಾನದಲ್ಲಿ ಹೊಟ್ಟೆಬಾಕತನದ ಐದು ಬಗೆಗಳನ್ನು ಎಣಿಸಿದರು. ಸಂತ ತೋಮಾಸ್ ಅಕ್ವಿನಾಸರು ಮುಂದೆ ಅವನ್ನು ವಿವರಿಸಿದರು. ಹೊತ್ತಿಗೆ ಮುನ್ನ ತಿನ್ನುವುದು, ದುಬಾರಿಯದ್ದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಆತುರಪಡುವುದು, ರುಚಿಯ ನಾಜೂಕಿಗೆ ಸೋಲುವುದು. ಇವುಗಳಲ್ಲಿ ಪ್ರಮಾಣಕ್ಕೆ ಸೇರಿದ್ದು ಒಂದೇ! ಆದ್ದರಿಂದ ಸಣಕಲು ದೇಹದವನೂ ಹೊಟ್ಟೆಬಾಕನಾಗಿರಬಹುದು, ಸ್ಥೂಲಕಾಯದವನೂ ಸಂಯಮಿಯಾಗಿರಬಹುದು. ಯಾರ ದೇಹವನ್ನೂ ಕಂಡು ನಗುವ ಹಕ್ಕು ನಮಗಿಲ್ಲ. ಸದ್ಗುಣ ಅಭ್ಯಾಸದಿಂದ ಬರುವುದೆಂದು ಅರಿಸ್ಟಾಟಲ್ ಬೋಧಿಸಿದನು. ನಾವು ಕೇಳುತ್ತಿರುವುದೂ ಅಂತಹ ಒಂದು ಅಭ್ಯಾಸವನ್ನೇ.

ಮನೆಮಂದಿಯೆಲ್ಲ ಕೂಡಿ ಚೀಟಿ ಬರೆಯಿರಿ. ಈ ಹೊರೆಯನ್ನು ತಾಯಿಯೊಬ್ಬಳ ಮೇಲೆಯೇ ಹೊರಿಸಬೇಡಿ. ಮೊದಲು ರಾಗಿ, ಹುರುಳಿ, ಹೆಸರುಕಾಳು, ಸೊಪ್ಪು, ತರಕಾರಿ, ಹಣ್ಣು, ಉಳಿದುದೆಲ್ಲ ಆಮೇಲೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್‌ನ ಮಳಿಗೆಯಾಗಲಿ, ಬೀದಿಯ ಸೊಪ್ಪಿನವಳ ಬುಟ್ಟಿಯಾಗಲಿ, ಆಯಾ ಕಾಲದ ಬೆಳೆಯನ್ನು ಕೊಳ್ಳಿರಿ. ಅವರೆಕಾಯಿಯ ಕಾಲದಲ್ಲಿ ಅವರೆಕಾಯಿಗಿಂತ ಒಳ್ಳೆಯ ತಿಂಡಿ ಯಾವುದು?

ಸಕ್ಕರೆಯ ಲೆಕ್ಕವನ್ನೂ ಇಡಿರಿ. ಬೆರೆಸಿದ ಸಕ್ಕರೆ ಒಬ್ಬರಿಗೆ ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಹಾಗೆಂದರೆ ನಾಲ್ವರ ಮನೆಗೆ ತಿಂಗಳಿಗೆ 3 ಕಿಲೋ. ಕಾಫಿಯ ಸಕ್ಕರೆ, ಬೆಲ್ಲ, ಬಿಸ್ಕತ್ತಿನಲ್ಲಿ ಅಡಗಿರುವುದು ಎಲ್ಲವೂ ಇದರೊಳಗೇ. ಅನೇಕ ತಂಪು ಪಾನೀಯಗಳ ಒಂದು ಲೀಟರಿನಲ್ಲಿ ಸುಮಾರು 100 ಗ್ರಾಂ ಸಕ್ಕರೆಯಿರುತ್ತದೆ. ಒಂದೇ ಬಾಟಲಿ ನಾಲ್ವರ ಇಡೀ ದಿನದ ಪಾಲನ್ನು ಮುಗಿಸಿಬಿಡುತ್ತದೆ. ಪೊಟ್ಟಣದ ಹಿಂಬದಿಯನ್ನೂ ಓದಿರಿ. ಹೆಚ್ಚು ತೂಕದ ಪದಾರ್ಥವನ್ನು ಮೊದಲು ಹೆಸರಿಸಬೇಕೆಂಬುದು ಕಾನೂನು. ಆರೋಗ್ಯಕರವೆಂದು ಮುಂಬದಿಯಲ್ಲಿ ಬರೆದಿದ್ದರೂ ಹಿಂಬದಿಯಲ್ಲಿ ಮೈದಾ, ಸಕ್ಕರೆ, ತಾಳೆಣ್ಣೆಗಳೇ ಮೊದಲು ನಿಂತಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿರಿ.

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಧರ್ಮೋಪದೇಶದ ತರಗತಿ ಮುಗಿದ ಮೇಲೆ ಮಕ್ಕಳಿಗೆ ಕ್ರೀಮ್ ಬಿಸ್ಕತ್ತು, ಬಣ್ಣದ ಪಾನೀಯ ಹಂಚಿಸುತ್ತಿದ್ದವರು ನಾವೇ. ಮನೆಗಳ ಆಶೀರ್ವಾದಕ್ಕೆ ಹೋದಾಗ ಹತ್ತು ಮನೆಗಳಲ್ಲಿ ಹತ್ತು ಲೋಟ ಸಿಹಿ ಕುಡಿದು, ಕೊನೆಗೆ ವೈದ್ಯರ ಮುಂದೆ ತಲೆತಗ್ಗಿಸಿ ಕುಳಿತವರೂ ನಾವೇ. ಈಗ ತರಗತಿಯ ಮಕ್ಕಳಿಗೆ ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು. ಮೊದಲ ವಾರ ಗೊಣಗಿದರು, ಮೂರನೆಯ ವಾರಕ್ಕೆ ಬುಟ್ಟಿ ಬರಿದಾಯಿತು. ನಿಮ್ಮ ಮನೆಗೆ ಬಂದಾಗ ನಮಗೂ ಒಂದು ಲೋಟ ನೀರುಮಜ್ಜಿಗೆ ಸಾಕು.

ಪರಲೋಕ ಮಂತ್ರದಲ್ಲಿ ನಾವು ಬೇಡುವುದು ಅಂದಂದಿನ ಆಹಾರವನ್ನೇ ಹೊರತು ಕಪಾಟು ತುಂಬುವಷ್ಟನ್ನಲ್ಲ. ಆ ಬೇಡಿಕೆಯನ್ನು ಅರಿತು ಮಾಡಿದವನ ಚೀಲ ತಾನಾಗಿಯೇ ಹಗುರವಾಗುತ್ತದೆ. ಮುಂದಿನ ಬಾರಿ ಅಂಗಡಿಗೆ ಹೊರಡುವ ಮುನ್ನ ಒಂದು ತುಂಡು ಕಾಗದ, ಒಂದು ಪೆನ್ಸಿಲು ಹಿಡಿದು ಐದು ನಿಮಿಷ ಕುಳಿತುಕೊಳ್ಳಿರಿ. ನಾವೂ ಹಾಗೆಯೇ ಮಾಡುತ್ತೇವೆ.